ಅಳಿಯನಿಗೆ ಚೆಂಡು ಒದೆಯಬಾರದು

ಗೋಲ್‌ಕೀಪರನ ಕೆಲಸ ಎಂಥದು ಎಂಬುದನ್ನು ಹಾನಗಲ್ಲಿನವರಿಗೆ ತಿಳಿಸಿ ಹೇಳುವುದರಲ್ಲೇ ನೀಲಪ್ಪನ ಅರ್ಧ ಆಯುಷ್ಯ ಸವೆದಿತ್ತು. ಉಳಿದರ್ಧ ಶಿಗ್ಗಾಂವಿಯವರಿಗೆ ತಿಳಿಸಿ ಹೇಳುವುದರಲ್ಲಿ ಸವೆಯಲಿದೆ ಎಂಬುದು ಪಾಪ, ಅವನಿಗೆ ಆಗ ಗೊತ್ತಿರಲಿಲ್ಲ.

ಅವನ ಅಪ್ಪನಿಗಂತೂ ಅದು ಕೊನೆಯವರೆಗೂ ತಲೆಗೆ ಹೋಗಲಿಲ್ಲ. ಹುಬ್ಬಳ್ಳಿಯ ಒಂದು ಮಿಲ್ಲಿನವರು ಮಗನಿಗೆ ಫುಟ್‌ಬಾಲ್ ಆಡುವುದಕ್ಕೆಂದೇ ಪಗಾರ ಕೊಡುತ್ತಾರೆ ಎಂದಾಗ ಮುದುಕ ನಂಬಲಿಲ್ಲ. ನಂಬಿದ ಮೇಲೆ ಒಮ್ಮೆ ಹೋಗಿ ಆಟ ನೋಡಿ ಬಂದ. ಬಂದವನು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೆಯ ದಿನ ಹಿತ್ತಲಲ್ಲಿ ಎಮ್ಮೆ ಹಿಂಡುತ್ತಿದ್ದ ಹೆಂಡತಿ ದಾನವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದ:

“ಹತ್ತು ಮಂದಿ ಓಡ್ತಾರ. ನಿನ್ನ ಮಗ ಒಬ್ಬಾಂವ ನಿಂತಿರ್ತಾನ. ನಿಂತಿದ್ದಕ್ಕ ಪಗಾರ! ನಮ್ಮ ಹೊಲದಾಗಿನ ಬೆದರುಗೊಂಬಿ ಎಂಟು ವರ್ಷಾತು ನಿಂತೈತಿ, ಅದಕ್ಕ ಯಾರರ ಒಂದು ದುಡ್ಡು ಕೊಟ್ಟಾರೇನು?”

“ಚಂಡು ಬಂದ್ರ ಹಿಡಿಬೇಕಂತ,” ಎಂದಳು ದಾನವ್ವ.

“ನಾ ಹೋದ ದಿನ ಬರಲೇ ಇಲ್ಲಲ್ಲ!”

ನೀಲಪ್ಪನ ಹಣೆಬರಹವೇ ಅದು. ನೋಡಬೇಕಾದವರು ನೋಡಲು ಬಂದ ದಿನ ಚೆಂಡು ಬರುವುದಿಲ್ಲ. ಅಪ್ಪ ಬಾರದ ದಿನಗಳಲ್ಲಿ ಅವನು ಹಾರಿ ಹಿಡಿದದ್ದನ್ನು ಹುಬ್ಬಳ್ಳಿಯ ಮಂದಿ ಚಹದ ಅಂಗಡಿಗಳಲ್ಲಿ ಕುಳಿತು ವಾರಗಟ್ಟಲೆ ಹೇಳಿಕೊಳ್ಳುತ್ತಿದ್ದರು. ಒದೆಯುವವನ ಕಾಲು ನೋಡಬಾರದು, ಸೊಂಟ ನೋಡಬೇಕು. ಕಾಲು ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ ಎನ್ನುವುದು ಅವನು ತಾನೇ ಕಂಡುಕೊಂಡ ಶಾಸ್ತ್ರ. ಈ ಶಾಸ್ತ್ರದ ಬಲದ ಮೇಲೆ ನಾಲ್ಕು ವರ್ಷ ಮಿಲ್ಲಿನ ಪಗಾರ ತಿಂದ. ಆಮೇಲೆ ಮಿಲ್ಲಿನ ಮಾಲಕ ತೀರಿಕೊಂಡು, ಆಟ ಅಂದರೆ ಮೂಗು ಮುರಿಯುವ ಮಗ ಗಾದಿಗೆ ಬಂದ. ತಂಡ ಚದುರಿತು. ನೀಲಪ್ಪ ಹಾನಗಲ್ಲಿಗೆ ಬಂದು ಭತ್ತದ ಗದ್ದೆಯ ಬದುವಿನ ಮೇಲೆ ನಿಂತ. ಅಪ್ಪ ಅವನನ್ನೂ ಬೆದರುಗೊಂಬೆಯನ್ನೂ ಒಂದೇ ನೋಟದಲ್ಲಿ ನೋಡಿ ಏನೂ ಅನ್ನದೆ ಹೋದದ್ದು, ಅಂದಿದ್ದರೇ ಚೆನ್ನಾಗಿತ್ತು ಅನ್ನುವಂತಿತ್ತು.

ಹೀಗಿರುವಾಗ, ಮೂವತ್ತೆಂಟನೆಯ ಇಸವಿಯಲ್ಲಿ, ಮುಂಬಯಿಯಿಂದ ಒಂದು ಕಾಗದ ಬಂತು. ಬರೆದವನು ಗುಪ್ತೆ ಎಂಬವನು. ಅಲ್ಲಿಯ ಒಂದು ದೊಡ್ಡ ಮಿಲ್ಲಿನ ಫುಟ್‌ಬಾಲ್ ತಂಡಕ್ಕೆ ಆಟಗಾರರನ್ನು ಆರಿಸುವುದೇ ಅವನ ಕೆಲಸ. ನಿನ್ನ ಹೆಸರು ಕೇಳಿದ್ದೇನೆ, ಆದರೆ ಕಣ್ಣಾರೆ ನೋಡದೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಸವಣೂರಿನ ಕಪ್ಪಿನ ಆಟ ಮುಗಿಯುವ ದಿನ ಆ ದಾರಿಯಾಗಿ ಬರುತ್ತೇನೆ. ನೀನು ಮನಸ್ಸಿಗೆ ಬಂದರೆ ಸರಿ, ಇಲ್ಲದಿದ್ದರೆ ಪುಣೆಯಲ್ಲಿ ಇನ್ನೊಬ್ಬನನ್ನು ನೋಡಿಟ್ಟಿದ್ದೇನೆ ಎಂದು ಬರೆದಿದ್ದ. ನೀಲಪ್ಪನಿಗೆ ಇಪ್ಪತ್ತಾರು ದಾಟಿತ್ತು. ಇನ್ನೊಂದು ಕಾಗದ ಇನ್ನೊಂದು ಊರಿನಿಂದ ಬರುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಂದು ಹಿಡಿದರೆ ಮುಂಬಯಿ, ಬಿಟ್ಟರೆ ಎಮ್ಮೆಯ ಬಾಲ.

ಸವಣೂರಿನ ವೀಳ್ಯದೆಲೆ ವ್ಯಾಪಾರಸ್ಥರು ಇಟ್ಟಿದ್ದ ಬೆಳ್ಳಿಯ ಕಪ್ಪಿಗೆ ಸುತ್ತಿನ ಊರುಗಳ ತಂಡಗಳು ಬಂದಿದ್ದವು. ಹಾನಗಲ್ಲಿನವರು ರಟ್ಟೀಹಳ್ಳಿಯವರನ್ನು ಸೋಲಿಸಿದರು. ಆ ಕಡೆ ಶಿಗ್ಗಾಂವಿಯವರು ಹಿರೇಕೆರೂರಿನವರಿಗೆ ಐದು ಗೋಲು ಹೊಡೆದರು. ಐದನೆಯದನ್ನು ತಡೆಯಲು ಹೋಗಿ ಹಿರೇಕೆರೂರಿನ ಗೋಲ್‌ಕೀಪರ್ ಹೆಬ್ಬೆರಳು ಮುರಿದುಕೊಂಡು, ಹಂಸಭಾವಿಯ ತನ್ನ ಮನೆಗೆ ಕೈಗೆ ಬಿದಿರ ಚಕ್ಕೆ ಕಟ್ಟಿಸಿಕೊಂಡು ಹೋದ. ಒದ್ದವನು ಶಿದ್ಲಿಂಗಪ್ಪ. ಅವನ ಜೋಡಿ ದಿಲಾವರ. ಈ ಇಬ್ಬರ ಒದೆತಕ್ಕೆ ನಾಲ್ಕು ತಾಲೂಕುಗಳಲ್ಲಿ ಎದುರಿರಲಿಲ್ಲ.

ಕೊನೆಯ ಆಟ ಹಾನಗಲ್ಲಿಗೂ ಶಿಗ್ಗಾಂವಿಗೂ ಎಂಬ ಸುದ್ದಿ ಕೇಳಿ ನೀಲಪ್ಪ ಕುಣಿಯುವುದೊಂದು ಬಾಕಿ. ಮುಂಬಯಿಯವನ ಕಣ್ಣೆದುರು ಇಂಥ ಒದೆತಗಳು ತನ್ನ ಮೇಲೆ ಬೀಳುತ್ತವೆ ಅಂದರೆ ಅದಕ್ಕಿಂತ ಪುಣ್ಯ ಯಾವುದು? ಶಿದ್ಲಿಂಗಪ್ಪ ತನ್ನ ಹೆಂಡತಿ ಸರೋಜವ್ವನ ಖಾಸಾ ತಮ್ಮ ಎಂಬುದು ಗೊತ್ತಿತ್ತು. ಅದರಿಂದ ಏನಾದೀತು ಎಂಬುದು ಮಾತ್ರ ಹೊಳೆಯಲಿಲ್ಲ. ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಇದ್ದು ಬಂದವನಿಗೆ ತನ್ನ ನೆಲದ ಬುದ್ಧಿ ಅಷ್ಟು ಮರೆತಿತ್ತು.

ಮದುವೆಯಾಗಿ ವರ್ಷ ಕಳೆದಿತ್ತು. ನಮ್ಮ ಕಡೆ ಅಳಿಯ ಅಂದರೆ ಒಂದು ಮನೆಗೆ ಅಳಿಯನಲ್ಲ, ಊರಿಗೇ ಅಳಿಯ. ದೀಪಾವಳಿಗೆ ಶಿಗ್ಗಾಂವಿಗೆ ಹೋದಾಗ ಮಾವ ಪರಮೇಶಪ್ಪ ಊರ ಅಗಸಿ ಬಾಗಿಲಿನ ತನಕ ಎದುರು ಬಂದಿದ್ದ. ದಿಲಾವರನ ಮನೆಯಿಂದಲೂ ಸಕ್ಕರೆ, ಬಾಳೆಹಣ್ಣು ಬಂದಿದ್ದವು. ಊಟಕ್ಕೆ ಕುಳಿತರೆ ಅದೊಂದು ಕುಸ್ತಿ. ನೀಲಪ್ಪ “ಬ್ಯಾಡ” ಅಂದರೆ ಅತ್ತೆ ಒಂದು ಹೋಳಿಗೆ ಹಾಕುತ್ತಿದ್ದಳು. “ಸಾಕು” ಅಂದರೆ ಎರಡು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ತುಪ್ಪ ಬೀಳುತ್ತಿತ್ತು. ಅಳಿಯ ಬಾಯಲ್ಲಿ ಹೇಳುವುದು ಬರೀ ಮರ್ಯಾದೆಯ ಮಾತು, ಅದಕ್ಕೆ ಉಲ್ಟಾ ನಡೆಯುವುದೇ ಬೀಗರ ಧರ್ಮ. ಅವತ್ತು ಇದೆಲ್ಲ ಅವನಿಗೆ ಹಿಡಿಸಿತ್ತು. ಹಿಡಿಸದೆ ಏನು?

ಆಟದ ದಿನ ಸವಣೂರಿನ ಮೈದಾನದ ಸುತ್ತ ಜನವೋ ಜನ. ಎರಡು ಬಿದಿರ ಗಳುಗಳ ಮೇಲೆ ಹಗ್ಗ ಎಳೆದು ಕಟ್ಟಿದ್ದೇ ಗೋಲು. ಶಿಗ್ಗಾಂವಿಯಿಂದ ಎಂಟು ಚಕ್ಕಡಿ ಬಂದಿದ್ದವು. ತವರಿಗೆ ಹೋಗಿದ್ದ ಸರೋಜವ್ವ ಅಪ್ಪನ ಚಕ್ಕಡಿಯಲ್ಲಿ ಬಂದಿದ್ದಳು. ಆಟ ಮುಗಿದ ಮೇಲೆ ಗಂಡನ ಜೊತೆ ಹಾನಗಲ್ಲಿಗೆ ಹೊರಡುವುದೆಂದು ಮಾತಾಗಿತ್ತು. ಗುಪ್ತೆ ಕರಿಯ ಟೊಪ್ಪಿಗೆ ಇಟ್ಟುಕೊಂಡು, ಮೊಣಕಾಲ ಮೇಲೆ ಒಂದು ವಹಿ ಇಟ್ಟುಕೊಂಡು ಕುರ್ಚಿಯಲ್ಲಿ ಕುಳಿತಿದ್ದ. ಸೀಟಿ ಕೂಗಿತು.

ಐದು ನಿಮಿಷಕ್ಕೆ ಶಿದ್ಲಿಂಗಪ್ಪ ಹಾನಗಲ್ಲಿನ ಇಬ್ಬರು ಬ್ಯಾಕುಗಳನ್ನು ದಾಟಿಕೊಂಡು ಬಂದ. ಎದುರಿಗೆ ನೀಲಪ್ಪ ಒಬ್ಬನೇ. ನೀಲಪ್ಪ ಸೊಂಟ ನೋಡಿದ, ಮೊಣಕಾಲು ಬಗ್ಗಿಸಿದ, ಎರಡೂ ಅಂಗೈ ಅಗಲ ಮಾಡಿದ. ಶಿದ್ಲಿಂಗಪ್ಪ ನಿಂತ. ಚೆಂಡಿನ ಮೇಲೆ ಕಾಲಿಟ್ಟ. ಅಕ್ಕನ ಗಂಡನ ಮುಖ ನೋಡಿದ. ಮುಂದೆ ಪಾದದ ಒಳಬದಿಯಿಂದ, ತೊಟ್ಟಿಲು ತೂಗಿದಷ್ಟು ಮೆತ್ತಗೆ, ಚೆಂಡನ್ನು ನೀಲಪ್ಪನ ಕೈಗೇ ಉರುಳಿಸಿದ.

ನೀಲಪ್ಪನಿಗೆ ಏನೂ ತಿಳಿಯಲಿಲ್ಲ. ಕಾಲು ಜಾರಿತೇನೋ ಅಂದುಕೊಂಡ. ಹತ್ತು ನಿಮಿಷಕ್ಕೆ ದಿಲಾವರ ಬಂದ. ಹಿರೇಕೆರೂರಿನವರಿಗೆ ಮೂರು ಗೋಲು ಹೊಡೆದ ದಿಲಾವರ ಹತ್ತು ಹೆಜ್ಜೆ ದೂರದಿಂದ ಚೆಂಡನ್ನು ಎಷ್ಟು ಎತ್ತರಕ್ಕೆ ಒದ್ದನೆಂದರೆ ಅದು ಹಿಂದಿನ ಹುಣಸೆಮರದಲ್ಲಿ ಸಿಕ್ಕಿಕೊಂಡಿತು. ಒದ್ದು, ನೀಲಪ್ಪನ ಕಡೆ ನೋಡಿ, ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ.

ಆಗ ನೀಲಪ್ಪನ ತಲೆಗೆ ಬೆಳಕು ಬಿತ್ತು. ಮುಂದಿನ ಸಲ ಶಿದ್ಲಿಂಗಪ್ಪ ಹತ್ತಿರ ಬಂದಾಗ ಹಲ್ಲು ಕಚ್ಚಿ ಕೇಳಿದ:

“ಯಾಕಲೇ, ಯಾಕ ಒದೆಯವಲ್ಲಿ?”

“ಹೆಂಗ ಒದೀಲಿ ಮಾಮಾ? ಕಾಲಿಲೆ ಒದ್ದ ಚರ್ಮದ ಚಂಡು ನಿಮ್ಮ ಮೈಗೆ ಹತ್ತಿದ್ರ ನಾವು ಊರಾಗ ಮಾರಿ ಹೆಂಗ ತೋರಸೂದು? ಊರ ಅಳಿಯಂದಿರು ನೀವು.”

“ಲೇ, ಇದು ಆಟಲೇ! ಒದಿ! ನನ್ನ ಪುಣ್ಯಕ್ಕ ಒದಿ, ನಿನ್ನ ಕಾಲ್ ಬೀಳ್ತೇನಿ!”

“ಅಯ್ಯ, ಎಷ್ಟು ದೊಡ್ಡ ಮನಸ್ಸರಿ ಮಾಮಾ ನಿಮ್ದು,” ಎಂದು ಶಿದ್ಲಿಂಗಪ್ಪ ಕಣ್ಣು ತೇವ ಮಾಡಿಕೊಂಡು, ಚೆಂಡನ್ನು ಕೈಗೆ ಉರುಳಿಸಿ ಹೋದ.

ಗುಪ್ತೆ ಒಮ್ಮೆ ಆಕಳಿಸಿದ್ದು ನೀಲಪ್ಪನಿಗೆ ಅಷ್ಟು ದೂರದಿಂದಲೂ ಕಂಡಿತು. ವಹಿಯಲ್ಲಿ ಒಂದಕ್ಷರ ಬಿದ್ದಿರಲಿಲ್ಲ. ಬರೆಯುವುದಾದರೂ ಏನನ್ನು? ಹುಡುಗಿಯರು ಗಜಗ ಆಡುವಾಗ ಹಿಡಿಯುವಷ್ಟು ಸಸಾರದ ಚೆಂಡನ್ನು ಹಾನಗಲ್ಲಿನ ಗೋಲ್‌ಕೀಪರ್ ನಾಲ್ಕು ಸಲ ಹಿಡಿದ ಎಂದೇ? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಮಾತು ಇಂಥ ಗಳಿಗೆಗೇ ಹುಟ್ಟಿರಬೇಕು. ಮುಂಬಯಿಯವನು ಬಂದ, ನಾಲ್ಕು ತಾಲೂಕಿನಲ್ಲಿಲ್ಲದ ಒದೆಗಾರರು ಎದುರು ಬಂದರು; ಬಂದವರು ಬೀಗರಾಗಿಬಿಟ್ಟರು.

ಅರ್ಧ ಆಟ ಮುಗಿದ ಸೀಟಿ ಊದಿದ್ದೇ ನೀಲಪ್ಪ ದಡದಡ ಮಾವನ ಹತ್ತಿರ ಹೋದ. ಪರಮೇಶಪ್ಪ ಜಮಖಾನೆಯ ಮೇಲೆ ಕುಳಿತು ಸವಣೂರಿನ ಎಲೆಗೆ ಸುಣ್ಣ ಸವರುತ್ತಿದ್ದ.

“ಬರ್ರಿ ಅಳಿಯಂದಿರ, ಕುಂದರ್ರಿ. ಭಾಳ ಚೊಲೊ ಹಿಡಿಯಾಕತ್ತೀರಿ,” ಎಂದ.

“ಮಾವಾರ, ಹಿಡಿಯಾಕ ಏನರ ಬರಬೇಕಲ್ರಿ? ಆ ಕುರ್ಚಿ ಮ್ಯಾಲೆ ಕುಂತಾರ ನೋಡ್ರಿ, ಅವ್ರು ನನ್ನ ನೋಡಾಕ ಬಂದಾರ. ನಿಮ್ಮ ಹುಡುಗ್ರು ಜೋರಾಗಿ ಒದ್ರ ನನಗ ಕೆಲಸ ಸಿಗತೈತಿ. ಒದೆಯಾಕ ಹೇಳ್ರಿ.”

ಪರಮೇಶಪ್ಪ ಪಕ್ಕದವರ ಮುಖ ನೋಡಿ ನಕ್ಕ. “ನೋಡಿದ್ರೇನು? ತಮ್ಮ ಊರು ಸೋತರೂ ಅಡ್ಡಿಯಿಲ್ಲ, ನಾವು ಗೆಲ್ಲಲಿ ಅಂತಾರ. ಇಂಥ ಅಳಿಯ ಹುಡುಕಿದ್ರ ಸಿಗತಾನೇನು? ಬ್ಯಾಡ್ರಿ, ನಿನ್ನೆ ಬಸವಣ್ಣನ ಗುಡ್ಯಾಗ ನಾನ ಹುಡುಗರ ಕಡಿಂದ ಆಣಿ ಮಾಡಿಸೇನಿ. ಕಪ್ಪು ಹೋದ್ರ ಹೋಗಲಿ, ಸರೋಜಿ ಗಂಡಗ ಒಂದು ಗೀರು ಬೀಳಬಾರದು.”

ನೀಲಪ್ಪ ಹಣೆ ಹಣೆ ಬಡಿದುಕೊಂಡ. ಬೈದಾದರೂ ನೋಡೋಣ ಎನಿಸಿತು. ಎಲ್ಲರಿಗೂ ಕೇಳುವಂತೆ ಕೂಗಿದ: “ಮದುವ್ಯಾಗ ನೀವು ಹಾಕಿದ ಹೋಳಿಗಿ ಗೋಣಿತಟ್ಟು ಆಗಿದ್ವು! ತುಪ್ಪ ಕಮಟು! ನಿಮ್ಮೂರಾಗ ಗಂಡಸರ ಹುಟ್ಟಿಲ್ಲ!”

ಜಮಖಾನೆಯ ಮೇಲಿದ್ದ ಹಿರಿಯರೆಲ್ಲ ಎದ್ದು ನಿಂತು ಕೈ ಮುಗಿದರು. “ತಪ್ಪಾತ್ರಿ ಅಳಿಯಂದಿರ, ಹೊಟ್ಯಾಗ ಹಾಕ್ಕೋರಿ. ಮುಂದಿನ ಹಬ್ಬಕ್ಕ ಸರಿಪಡಸ್ತೇವಿ.” ಅಳಿಯನ ಮುನಿಸು ಅವರಿಗೆ ಹೊಸದಲ್ಲ. ಬೈಯುವುದೂ ಅಳಿಯನ ಹಕ್ಕೇ. ಒಬ್ಬ ಓಡಿಹೋಗಿ ಎಳನೀರು ತಂದ. ನೀಲಪ್ಪನಿಗೆ ಆ ಎಳನೀರನ್ನು ಎತ್ತಿ ಒಗೆಯುವಷ್ಟು ಸಿಟ್ಟು ಬಂತು, ಬಾಯಾರಿದ್ದರಿಂದ ಕುಡಿದ.

ಕೊನೆಗೆ ಸರೋಜವ್ವ ಇದ್ದ ಚಕ್ಕಡಿಯ ಹತ್ತಿರ ಹೋಗಿ ಗಾಲಿಗೆ ಬೆನ್ನು ಕೊಟ್ಟು ನಿಂತ. ಅವನ ದನಿಯಲ್ಲಿ ಸಿಟ್ಟು ಹೋಗಿ ಅಳು ಬಂದಿತ್ತು.

“ಮುಗೀತು. ಅಂವ ಆಗಲೇ ವಹಿ ಮುಚ್ಯಾನ. ನಿಮ್ಮಪ್ಪ, ನಿನ್ನ ತಮ್ಮ ಕೂಡಿ ಮರ್ಯಾದಿ ಮಾಡಿ ಮಾಡಿ ನನ್ನ ಕೊಂದ್ರು.”

ಸರೋಜವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ವರ್ಷದಿಂದ ಈ ಮನುಷ್ಯ ಬೆಳಗಾದರೆ ಕೆರೆಯ ಏರಿಯ ಕಲ್ಲಿಗೆ ಚೆಂಡು ಬಡಿದು ಬಡಿದು ಹಿಡಿಯುವುದನ್ನು ಅವಳು ನೋಡಿದ್ದಳು. ಮಾವನ ಬೆದರುಗೊಂಬೆಯ ಮಾತನ್ನೂ ಕೇಳಿದ್ದಳು. ಆ ಮಾತಿಗೆ ಗಂಡ ಅರ್ಧ ಊಟ ಬಿಟ್ಟು ಏಳುವುದನ್ನೂ ಕಂಡಿದ್ದಳು.

“ನೀವು ಅಳಿಯ ಇರೂತನಕ ಅವ್ರು ಒದಿಯೂದಿಲ್ಲ,” ಎಂದಳು ನಿಧಾನವಾಗಿ. “ಹೋಗ್ರಿ, ಗಳುಗಳ ನಡುವ ನಿಂದರ್ರಿ. ಶಿದ್ಲಿಂಗಗ ನಾ ಹೇಳ್ತೇನಿ.”

“ನಾ ಬಾಯಿ ಬಾಯಿ ಬಡಕೊಂಡ್ರ ತಿಳೀಲಿಲ್ಲ, ನೀ ಹೇಳಿದ್ರ ತಿಳಿತೈತೇನು?”

“ತಿಳಿತೈತಿ.”

ನೀಲಪ್ಪ ಗೋಲಿನಿಂದ ನೋಡಿದ. ಸರೋಜವ್ವ ತಮ್ಮನನ್ನು ಚಕ್ಕಡಿಯ ಹತ್ತಿರ ಕರೆದು, ಸೆರಗು ಮುಖದ ಮೇಲೆ ಎಳೆದುಕೊಂಡು ನಾಲ್ಕು ಮಾತು ಹೇಳಿದಳು. ಶಿದ್ಲಿಂಗಪ್ಪ ಗೋಲಿನ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ದಿಲಾವರನ ಹತ್ತಿರ ಹೋದ, ದಿಲಾವರ ಉಳಿದವರ ಹತ್ತಿರ ಹೋದ.

ಸೀಟಿ ಊದಿ ಎರಡು ನಿಮಿಷ ಆಗಿರಲಿಕ್ಕಿಲ್ಲ, ಶಿದ್ಲಿಂಗಪ್ಪನ ಮೊದಲ ಒದೆತ ಬಂತು. ಚೆಂಡು ನೀಲಪ್ಪನ ಎದೆಗೂಡಿಗೆ ಬಡಿದು ಉಸಿರು ಕಟ್ಟಿತು. ಎಂಥ ಒದೆತ! ನೀಲಪ್ಪ ಅದನ್ನು ಎದೆಗೆ ಅಪ್ಪಿಕೊಂಡೇ ಕೂಗಿದ: “ಶಾಬಾಸ್ ಶಿದ್ಲಿಂಗ! ಹಿಂಗ ಒದಿ!” ಈ ಮಾತಿಗೆ ಶಿದ್ಲಿಂಗಪ್ಪನ ಮುಖ ಕೆಂಡವಾಯಿತು. ದಿಲಾವರ ಎಡಗಾಲಿನಿಂದ ನೆಲದಗುಂಟ ಒದ್ದ. ನೀಲಪ್ಪ ಅಡ್ಡ ಬಿದ್ದು ಬೆರಳ ತುದಿಯಿಂದ ಹೊರಗೆ ತಳ್ಳಿದ. ಎದ್ದು ನಿಲ್ಲುವಷ್ಟರಲ್ಲಿ ಇನ್ನೊಂದು, ತಲೆಯ ಮೇಲಿಂದ. ಅದನ್ನು ಹಗ್ಗದ ಆಚೆ ಗುದ್ದಿದ. ಮುಂದೆ ಬರೀ ಇದೇ. ಕೆಂಪು ಧೂಳಿನಲ್ಲಿ ಅವನ ಮೊಣಕೈ, ಮೊಣಕಾಲು ಕಿತ್ತುಹೋದವು. ಹಾನಗಲ್ಲಿನ ಬ್ಯಾಕು ಫಕ್ಕೀರಪ್ಪ ನಡುವೆ ಬರಲು ಹೋದರೆ, “ಸರಿಯಲೇ, ಬರಲಿ ಬಿಡು!” ಎಂದು ನೀಲಪ್ಪನೇ ಅವನನ್ನು ಆಚೆ ನೂಕಿದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಹೆಂಡತಿ ಅಂದರೆ ಇಂಥವಳಿರಬೇಕು, ಎಷ್ಟು ಚಂದ ತಿಳಿಸಿ ಹೇಳಿದ್ದಾಳೆ ಎಂದುಕೊಂಡ. ಗುಪ್ತೆ ವಹಿ ನೆಲಕ್ಕೆ ಬಿದ್ದದ್ದನ್ನೂ ನೋಡದೆ ಕುರ್ಚಿಯಿಂದ ಎದ್ದು ನಿಂತಿದ್ದ.

ಹನ್ನೊಂದು ಒದೆತ ತಡೆದ. ಹನ್ನೆರಡನೆಯದು, ಆಟ ಮುಗಿಯುವ ಹೊತ್ತಿಗೆ, ಶಿದ್ಲಿಂಗಪ್ಪನದು. ನೀಲಪ್ಪ ಬಲಕ್ಕೆ ಹಾರಿದ, ಬಲಗೈ ತಾಗಿತು ಕೂಡ. ಕಿರುಬೆರಳು ಕಟಕ್ಕೆಂದು ಹಿಂದಕ್ಕೆ ಮಡಚಿ, ಚೆಂಡು ಒಳಗೆ ಹೋಯಿತು. ಶಿಗ್ಗಾಂವಿ ಒಂದು ಗೋಲಿನಿಂದ ಗೆದ್ದಿತು. ಶಿದ್ಲಿಂಗಪ್ಪ ನೆಲದ ಮೇಲಿದ್ದ ನೀಲಪ್ಪನ ಹತ್ತಿರ ಬಂದು ಆ ಕೈಯನ್ನೇ ನೋಡಿದ.

“ಇದೇ ಕೈ ಅಲ್ಲೇನು?” ಎಂದ. ‘ಮಾಮಾ’ ಎನ್ನಲಿಲ್ಲ, ‘ರಿ’ ಹಚ್ಚಲಿಲ್ಲ.

ನೀಲಪ್ಪನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಪುರುಸೊತ್ತೂ ಇರಲಿಲ್ಲ, ಗುಪ್ತೆ ಬಂದುಬಿಟ್ಟಿದ್ದ. ಮುರಿದ ಬೆರಳನ್ನು ಹಿಡಿದು ತಿರುವಿ ನೋಡಿ, ಮರಾಠಿಯಲ್ಲಿ, ಇದು ಹದಿನೈದು ದಿನಕ್ಕೆ ಕೂಡುತ್ತದೆ, ಸೋಮವಾರ ಯಲವಿಗಿ ಸ್ಟೇಶನ್ನಿಗೆ ಬಾ, ಟಿಕೀಟು ನನ್ನದು ಎಂದ. ಒಳಗೆ ಹೋದ ಒಂದು ಗೋಲಿನ ಮಾತೇ ಎತ್ತಲಿಲ್ಲ.

ಸುದ್ದಿ ಹೇಳೋಣವೆಂದು ನೀಲಪ್ಪ ಮಾವನ ಕಡೆ ತಿರುಗಿದರೆ ಅಲ್ಲಿ ಜಮಖಾನೆ ಸುತ್ತಿ ಆಗಿತ್ತು. ಪರಮೇಶಪ್ಪ ಎಲೆ ಅಡಿಕೆ ಕೊಡಲಿಲ್ಲ, ಬರ್ತೇವಿ ಎನ್ನಲಿಲ್ಲ. ಗೆದ್ದ ಊರಿನ ಎಂಟು ಚಕ್ಕಡಿಗಳು ಹೆಣ ಒಯ್ಯುವವರ ಹಾಗೆ ಮೌನವಾಗಿ ಹೋದವು. ಸರೋಜವ್ವ ತನ್ನ ಗಂಟು ಹಿಡಿದುಕೊಂಡು ಮೈದಾನದ ಅಂಚಿನಲ್ಲಿ ನಿಂತಿದ್ದಳು.

ಚಕ್ಕಡಿಯಲ್ಲಿ ಹಾನಗಲ್ಲಿನ ದಾರಿ ಹಿಡಿದು ಒಂದು ಹರದಾರಿ ಹೋದ ಮೇಲೆ ನೀಲಪ್ಪ ಕೇಳಿದ: “ಅಲ್ಲ, ಅಷ್ಟು ಚಂದ ಹೆಂಗ ತಿಳಿಸಿದಿ ಅವಗ? ಏನ ಹೇಳಿದಿ?”

“‘ನಿನ್ನ ಮಾಮಾ ನನ್ನ ಮ್ಯಾಲೆ ಕೈ ಎತ್ಯಾರ’ ಅಂದ್ನಿ.”

ನೀಲಪ್ಪ ಕುಳಿತಲ್ಲಿಂದ ಅರ್ಧ ಎದ್ದ.

“ನಾ? ನಿನ್ನ ಮ್ಯಾಲೆ? ಒಂದಿನ ಗದರಿಸಿ ಮಾತಾಡೇನೇನು ನಾನು?”

“ಇಲ್ಲ.”

“ಮತ್ತ ಹುಚ್ಚು ಗಿಚ್ಚು ಹಿಡದೈತೇನು ನಿನಗ! ಇಡೀ ಊರಿಗೆ ಊರ ನನ್ನ ಏನಂತ ತಿಳ್ಕೊಂಡಿರಬೇಡ!”

“ಚಂಡು ಬಂತಿಲ್ಲೋ?” ಎಂದಳು ಸರೋಜವ್ವ. ಹೇಳುತ್ತಲೇ ಅವಳಿಗೆ ಅಳು ಒತ್ತರಿಸಿ ಬಂತು. “ಮುಂದಿನ ವಾರ ನಾನ ಹೋಗಿ ಖರೇ ಹೇಳಿ ಬರ್ತೇನಿ. ನಮ್ಮ ಮಂದಿ, ನನ್ನ ಮಾತು ಕೇಳೂದಿಲ್ಲೇನು?” ಎಂದು ಸೆರಗಿನ ಚುಂಗು ಹರಿದು ಅವನ ಬೆರಳಿಗೆ ಕಟ್ಟಿದಳು. ನೀಲಪ್ಪ ಉಳಿದ ದಾರಿಯುದ್ದಕ್ಕೂ ಒಮ್ಮೆ ಬೈದ, ಒಮ್ಮೆ ಸುಮ್ಮನೆ ಅವಳ ಕೈ ಹಿಡಿದುಕೊಂಡು ಕುಳಿತ.

ಅವನು ಮುಂಬಯಿಗೆ ಹೋದ. ಅವಳು ಹೇಳಿದಂತೆಯೇ ತವರಿಗೆ ಹೋಗಿ, ಪಡಸಾಲೆಯಲ್ಲಿ ಅಪ್ಪ, ಅವ್ವ, ತಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದಳು.

“ನಾ ಅವತ್ತು ಹೇಳಿದ್ದು ಸುಳ್ಳು. ಅವ್ರು ದೇವರಂಥವ್ರು.”

ಪರಮೇಶಪ್ಪ ಹೆಂಡತಿಯ ಮುಖ ನೋಡಿದ. “ಒಡಹುಟ್ಟಿದ ತಮ್ಮನ ಮುಂದ ಸುಳ್ಳ ಹೇಳಿದೇನವ್ವ?”

“ಹೂಂ.”

“ಯಾಕ?”

“ಚಂಡು ಜೋರಾಗಿ ಒದೀಲಿ ಅಂತ.”

ಯಾರಾದರೂ ನಂಬುತ್ತಾರೆಯೇ? ಚೆಂಡು ಒದೆಯಲಿ ಎಂದು ಗಂಡನ ಹೆಸರಿಗೆ ಮಸಿ ಬಳಿಯುವ ಹೆಂಗಸನ್ನು ಬಸವಣ್ಣನ ಗುಡಿ ಕಟ್ಟಿದಂದಿನಿಂದ ಶಿಗ್ಗಾಂವಿ ಕಂಡಿರಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೊಡಿಸ್ಕೊಂಡಾಕಿ ಹಿಂಗ ಮಾತಾಡ್ತಾಳ. ನಮ್ಮ ದೊಡ್ಡವ್ವನೂ ಸಾಯೂತನಕ ಹಿಂಗ ಅಂತಿದ್ಲು, ಅವ್ರು ದೇವರಂಥವ್ರು ಅಂತ.” ಸರೋಜವ್ವ ಹೆಚ್ಚು ಆಣೆ ಇಟ್ಟಷ್ಟೂ ಅವರಿಗೆ ಹೆಚ್ಚು ಖಾತ್ರಿಯಾಯಿತು. ಆ ಊರಿಗೆ ದಿನ ಬೆಳಗಾದರೆ ಹೆಂಡಿರನ್ನು ಬಡಿಯುವ ಅಳಿಯಂದಿರು ಹತ್ತು ಮಂದಿ ಇದ್ದರು. ಅವರ ಹೆಂಡಿರು ಬಾಯಿ ಬಿಡದ್ದರಿಂದ ಅವರ ತುಪ್ಪಕ್ಕೆ ಏನೂ ಕೊರತೆಯಾಗಿರಲಿಲ್ಲ. ಸಿಕ್ಕಿಬಿದ್ದವನು ನೀಲಪ್ಪ ಒಬ್ಬನೇ!

ಮುಂಬಯಿಯಲ್ಲಿ ಅವನು ಹತ್ತು ವರ್ಷ ಗಳುಗಳ ನಡುವೆ ನಿಂತ. ಮಿಲ್ಲುಗಳ ಪೇಟೆಯಾದ ಪರಳದ ಚಾಳಿನ ಒಂದು ಖೋಲಿಯಲ್ಲಿ ಸಂಸಾರ. ಮಿಲ್ಲಿನ ತಂಡಕ್ಕೆ ಎಷ್ಟೋ ಕಪ್ಪುಗಳು ಬಂದವು. ಯುದ್ಧದ ಕಾಲಕ್ಕೆ ಬೂಟು ಹಾಕಿದ ಗೋರಾ ಸೋಲ್ಜರರ ತಂಡಗಳ ಎದುರು ಬರಿಗೈಯಲ್ಲಿ ನಿಂತು ಆಡಿ ಉಂಗುರ ಬೆರಳು, ನಡುಬೆರಳು, ಕೊನೆಗೆ ತೋರುಬೆರಳೂ ಮುರಿದುಕೊಂಡ. ಕೂಡಿದವು, ಆದರೆ ಸೊಟ್ಟಗೆ ಕೂಡಿದವು. ಒಂದು ಸಲ ಅವನು ಶಿದ್ಲಿಂಗಪ್ಪನಿಗೆ ನಾಲ್ಕು ಪುಟದ ಕಾಗದ ಬರೆದು, ಗೋಲ್‌ಕೀಪರ್ ಅಂದರೆ ಏನು, ಚೆಂಡು ಬಾರದಿದ್ದರೆ ಅವನ ಗತಿ ಏನು, ಅವತ್ತು ನಡೆದದ್ದೇನು ಎಂಬುದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದ. ಕಾರ್ಡಿನಲ್ಲಿ ಉತ್ತರ ಬಂತು: “ಕ್ಷೇಮ. ಅಕ್ಕನನ್ನು ಚೆನ್ನಾಗಿ ನೋಡಿಕೊಳ್ಳತಕ್ಕದ್ದು.” ನೀಲಪ್ಪ ಕಾರ್ಡನ್ನು ನಾಲ್ಕು ತುಂಡು ಮಾಡಿದ.

ಎರಡು ಬಾಣಂತನಕ್ಕೂ ಸರೋಜವ್ವ ತವರಿಗೇ ಹೋದಳು. ಎಣ್ಣೆ ಹಚ್ಚಿ ಎರೆಯುವ ನೆವದಲ್ಲಿ ಅವ್ವ ಮಗಳ ಬೆನ್ನನ್ನೆಲ್ಲ ಹುಡುಕಿದಳು. ಒಂದು ಬರೆ ಸಿಗಲಿಲ್ಲ. “ಕಾಣದಂಗ ಹೊಡಿತಾನ,” ಎಂದು ನೆರೆಯವಳಿಗೆ ಹೇಳಿದಳು. ಇಂಥವರಿಗೆ ಏನು ಹೇಳುವುದು, ಯಾವ ಬಾಯಲ್ಲಿ ಹೇಳುವುದು?

ನಲವತ್ತೆಂಟರಲ್ಲಿ ಮಿಲ್ಲಿನವರು ಹೊಸ ಹುಡುಗನನ್ನು ತಂದರು. ನೀಲಪ್ಪ ಹೆಂಡತಿ ಮಕ್ಕಳೊಂದಿಗೆ ಹಾನಗಲ್ಲಿಗೆ ಮರಳಿದ. ಆ ದೀಪಾವಳಿಗೆ ಶಿಗ್ಗಾಂವಿಯಿಂದ ಕರೆ ಬಂತು. ಬೀಗತನ ಅಂದ ಮೇಲೆ ಕರೆಯಲೇಬೇಕು. ಹೋದರು. ಅಗಸಿ ಬಾಗಿಲಲ್ಲಿ ಯಾರೂ ಇರಲಿಲ್ಲ. ಚಹದ ಅಂಗಡಿಯ ಮುಂದೆ ಕುಳಿತಿದ್ದ ದಿಲಾವರ ನೀಲಪ್ಪನ ಬಲಗೈಯ ನಾಲ್ಕು ಸೊಟ್ಟ ಬೆರಳುಗಳನ್ನು ನೋಡಿದ, ಆಕಾಶ ನೋಡಿದ, “ದೇವ್ರು ದೊಡ್ಡಾಂವ,” ಎಂದು ಬೀಡಿಯ ಬೂದಿ ಝಾಡಿಸಿದ. ಊರಿನಲ್ಲಿ ಆ ಮಾತು ಹಳೆಯದಾಗಿತ್ತು. ಹೆಂಡತಿಯ ಮೇಲೆ ಎತ್ತಿದ ಕೈಯಲ್ಲವೇ, ಮೊದಲ ಬೆರಳು ತಮ್ಮ ಮುರಿದ, ಉಳಿದ ಮೂರು ಶಿವ ಮುರಿದ ಎಂದು ಹೊಸ ಅಳಿಯಂದಿರಿಗೆ ಬುದ್ಧಿ ಹೇಳುವಾಗ ಉದಾಹರಣೆ ಕೊಡುತ್ತಿದ್ದರಂತೆ. ಹತ್ತು ವರ್ಷದ ದುಡಿಮೆಯ ಗುರುತು ಅವು. ಅವಕ್ಕೆ ಸಿಕ್ಕ ಸರ್ಟಿಫಿಕೇಟು ಇದು!

ಮಧ್ಯಾಹ್ನ ಪಂಕ್ತಿ ಕೂತಿತು. ನೀಲಪ್ಪನಿಗೂ ಎಲೆ ಹಾಕಿದರು, ಮಣೆ ಹಾಕಿದರು, ಮರ್ಯಾದೆಗೆ ಕೊರತೆ ಇರಲಿಲ್ಲ. ಅತ್ತೆ ಒಂದು ಹೋಳಿಗೆ ಹಾಕಿ ತುಪ್ಪ ಬಡಿಸಿದಳು. ಅವನು ತಿಂದ. ಅವಳು ಬುಟ್ಟಿ ಹಿಡಿದುಕೊಂಡು ಮತ್ತೆ ಬಂದಳು. ನೀಲಪ್ಪ ಹಳೆಯ ರೂಢಿಯಂತೆ ಎಲೆಯ ಮೇಲೆ ಆ ಸೊಟ್ಟ ಕೈ ಅಡ್ಡ ಹಿಡಿದು, “ಸಾಕ್ರಿ ಅತ್ತ್ಯಾರ,” ಎಂದ.

“ಸಾಕಂತ,” ಎಂದ ಪರಮೇಶಪ್ಪ, ತನ್ನ ಎಲೆಯಿಂದ ತಲೆ ಎತ್ತದೆ.

ಅತ್ತೆ ಮುಂದಿನ ಎಲೆಗೆ ಹೋದಳು.

ನೀಲಪ್ಪ ಕೈ ತೆಗೆಯುವುದನ್ನು ಮರೆತು ಹಾಗೆಯೇ ಕುಳಿತ. ಗೋರಾ ಸೋಲ್ಜರರ ಬೂಟಿಗೆ ಬೆರಳು ಮುರಿದಾಗ ಅವನು ಅತ್ತಿರಲಿಲ್ಲ. ಇಲ್ಲಿ, ಮೂವತ್ತಾರು ವರ್ಷದ ಗಂಡಸು, ಒಂದು ಹೋಳಿಗೆಗಾಗಿ ಕಣ್ಣು ತುಂಬಿಕೊಂಡ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸರೋಜವ್ವ ಅದನ್ನು ಕಂಡಳು. ಬಂದವಳೇ ಅವ್ವನ ಕೈಯಿಂದ ಬುಟ್ಟಿ ಕಸಿದುಕೊಂಡು, ಎಲ್ಲರ ಎದುರೇ ಗಂಡನ ಕೈಯನ್ನು ಎಲೆಯ ಮೇಲಿನಿಂದ ಸರಿಸಿ, ಎರಡು ಹೋಳಿಗೆ ಹಾಕಿದಳು. ಮೇಲೆ ತುಪ್ಪ ಸುರಿದಳು, ಎಲೆಯಿಂದ ಹರಿದು ನೆಲಕ್ಕೆ ಬರುವಷ್ಟು.

“ಅಳಿಯ ಸಾಕಂದ್ರ ಎರಡು ಹಾಕಬೇಕು. ಮರತ್ರೇನು ಎಲ್ಲಾರೂ?” ಎಂದಳು. ಅವಳ ದನಿಯೂ ನಡುಗುತ್ತಿತ್ತು, ತುಪ್ಪದ ಗಿಂಡಿ ಹಿಡಿದ ಕೈಯೂ ನಡುಗುತ್ತಿತ್ತು.

ಅತ್ತೆ ಪಕ್ಕದಲ್ಲಿದ್ದ ನೆರೆಯವಳ ಕಡೆ ಬಾಗಿ ಪಿಸುಗುಟ್ಟಿದ್ದು ನೀಲಪ್ಪನಿಗೆ ಚೆನ್ನಾಗಿ ಕೇಳಿಸಿತು.

“ಕೈ ಹೆಂಗ ನಡಗಾಕತ್ತಾವು ನೋಡು. ಪಾಪ, ನನ್ನ ಮಗಳು ಅವಗ ಎಷ್ಟು ಹೆದರ್ಯಾಳ.”

ನೀಲಪ್ಪ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವಳೂ ಕೇಳಿಸಿಕೊಂಡಿದ್ದಳು. ಇನ್ನು ಯಾರಿಗೂ ಏನನ್ನೂ ತಿಳಿಸಿ ಹೇಳುವುದಿಲ್ಲ ಎಂದು ಅವನು ಆಗ ನಿಶ್ಚಯಿಸಿದ. ಬಗ್ಗದ ಬೆರಳುಗಳಿಂದ ಹೋಳಿಗೆಯನ್ನು ಹೇಗೋ ಮುರಿದು, ಎರಡನ್ನೂ ಒಂದು ಚೂರು ಬಿಡದೆ ತಿಂದ.